ಹೇಳಿದ್ದೆಲ್ಲ ಬಾಲಕ್ಕೆ

ನಿಲ್ಲಿ ನಿಲ್ಲಿ, ಬಾವಿ ವಿಷಯ ಆಮೇಲೆ, ಮೊದಲು ಬಾಲದ ವಿಷಯ ಹೇಳಿಬಿಡ್ತೀನಿ. ಬಾಲ ಗೊತ್ತಾಗದೆ ಬಾವಿ ಗೊತ್ತಾಗಲ್ಲ.

ನಮ್ಮೂರ ಕುರಿ ನೀವು ನೋಡಿರಲ್ಲ. ಮೈ ಎಲ್ಲ ಕುರಿ ಹಾಗೇ, ಕಾಲೂ ಹಾಗೇ, ಮೂತಿನೂ ಅಷ್ಟೇ, ಆದ್ರೆ ಹಿಂದಕ್ಕೆ ಹೋಗಿ ನೋಡಿದ್ರೆ ಬಾಲ! ಬಾಲ ಅಂದ್ರೆ ನೊಣ ಓಡಿಸೋ ಬಾಲ ಅಲ್ಲ, ತುಂಬಿದ ಹಿಟ್ಟಿನ ಚೀಲ ಕಟ್ಟಿ ಬಿಟ್ಟ ಹಾಗೆ. ಪೂರ್ತಿ ನೆಣ. ಮಳೆ ಇಲ್ಲ, ಹುಲ್ಲಿಲ್ಲ, ಜಾಲಿ ಮುಳ್ಳು ಬಿಟ್ರೆ ಹಸಿರು ಅನ್ನೋದೇ ಇಲ್ಲ, ಆದ್ರೂ ಆ ಕುರಿಗೆ ಏನೂ ಆಗಲ್ಲ. ಮುಳ್ಳು ತಿನ್ನುತ್ತೆ, ಬಿಸಿಲಲ್ಲಿ ಮಲಗುತ್ತೆ, ಬಾಲ ಬೆಳೆಸುತ್ತೆ. ಬೇರೆ ಊರಲ್ಲೂ ಇಂಥ ಕುರಿ ಇದಾವಂತೆ, ಅಲ್ಲಿ ಬಾಲ ಮೇವಿಂದ ಬೆಳೆಯುತ್ತಂತೆ. ನಮ್ಮೂರಲ್ಲಿ ಮಾತಿಂದ ಬೆಳೆಯುತ್ತೆ.

ನಮ್ಮೂರ ಕಟ್ಟಳೆನೇ ಅದು. ನೋವಿನ ಮಾತು, ಭಯದ ಮಾತು, ಸಿಟ್ಟಿನ ಮಾತು, ಇವನ್ನ ಮನುಷ್ಯರ ಕಿವಿಗೆ ಹಾಕಬಾರದು. ಕುರಿ ಕಿವಿಗೆ ಹಾಕಬೇಕು. ಪಕ್ಕದಲ್ಲಿ ಮಂಡಿ ಊರಬೇಕು. ಎಡಗಿವಿ ಎತ್ತಬೇಕು. ಒಳಗೆ ಬಾಯಿಟ್ಟು ಹೇಳಬೇಕು. ಹೇಳಿದ ಮಾತು ವಾಪಸ್ ಬರದ ಹಾಗೆ ಕಿವಿ ಮಡಚಿ ಅಂಗೈಯಲ್ಲಿ ಒತ್ತಿ ಹಿಡಿಯಬೇಕು. ಆಮೇಲೆ ಬೆನ್ನು ಸವರಿಕೊಂಡು ಬಾಲದ ತನಕ ಹೋಗಿ, ಬಾಲ ಮುಟ್ಟಿ, "ಹಗುರಾಯ್ತು" ಅನ್ನಬೇಕು. ಅಷ್ಟೇ. ಮತ್ತೆ ನಿಜವಾಗ್ಲೂ ಹಗುರಾಗುತ್ತೆ, ಸುಳ್ಳಲ್ಲ! ಮುಖ ಗಂಟು ಹಾಕ್ಕೊಂಡು, ಊರ ಕುರಿ ಕೂಡೋ ರೊಪ್ಪಕ್ಕೆ ಹೋದವರು ಹೊರಗೆ ಬರುವಾಗ ತೊಳೆದಿಟ್ಟ ತಟ್ಟೆ ಹಾಗೆ ಬರ್ತಾರೆ. ಇತ್ತ ಬಾಲ ಒಂದು ಸುತ್ತು ದಪ್ಪ ಆಗಿರುತ್ತೆ.

ತುಂಬಾ ದಪ್ಪ ಆದ್ರೆ ಕುರಿ ನಡೆಯೋಕಾಗಲ್ಲ, ಬಾಲ ನೆಲಕ್ಕೆ ಉಜ್ಜಿ ಗಾಯ ಆಗುತ್ತೆ. ಅದಕ್ಕೆ ಬಾಲಗಾಡಿ. ಚಿಕ್ಕ ಹಲಗೆ, ಕೆಳಗೆ ಗಾಲಿ, ಮೇಲೆ ಹಳೇ ಕಂಬಳಿ ತುಂಡು. ಬಾಲ ಅದರ ಮೇಲಿಟ್ಟು ಕಟ್ಟಿಬಿಟ್ರೆ ಕುರಿ ತನ್ನ ಬಾಲಾನ ತಾನೇ ಎಳ್ಕೊಂಡು ಕಿರ್ ಕಿರ್ ಅಂತ ಹೋಗುತ್ತೆ. ಯಾರ ಮನೆ ಮುಂದೆ ಬಾಲಗಾಡಿ ಸದ್ದು ಮಾಡುತ್ತೋ ಅದು ದೊಡ್ಡ ಮನೆ. ಸಂಬಂಧ ಕೇಳೋಕೆ ಬಂದವರು ಹುಡುಗಿ ಕಡೆ ನೋಡಲ್ಲ, ಸೀದಾ ರೊಪ್ಪಕ್ಕೆ ಹೋಗಿ ಬಾಲ ಹಿಸುಕಿ ನೋಡ್ತಾರೆ. ದಪ್ಪ ಇದ್ರೆ, "ಆಹಾ, ಎಲ್ಲಾ ನುಂಗ್ಕೊಂಡು ಬಾಳೋ ಮನೆ" ಅಂತಾರೆ. ಕೊನೆಗೆ ಗಾಡಿನೂ ಎಳೆಯೋಕಾಗದೆ ಕುರಿ ನಿಂತುಬಿಟ್ರೆ, ಬಾವಿಕಟ್ಟೆ ಮೇಲೆ ಕೊಯ್ದು, ನೆಣ ಕಾಯಿಸಿ, ಊರೆಲ್ಲ ಕೂತು ತಿಂತಾರೆ. ಯಾರ ನೋವು ಯಾರು ತಿಂದ್ರು ಅಂತ ಗೊತ್ತಾಗಲ್ಲ. ತಿಂದವರಿಗೆಲ್ಲ ಚೆನ್ನಾಗಿ ನಿದ್ದೆ ಬರುತ್ತೆ.

ಇನ್ನು ನನ್ನ ವಿಷಯ. ನನಗೆ ಕುರಿ ಇಲ್ಲ. ಮಕ್ಕಳು ಮೊದಲ ಸಲ ಒಂದು ಮಾತು ಬಾಯಿಗೆ ಬಂದಿದ್ದನ್ನ ಹೇಳದೆ ನುಂಗ್ತಾರಲ್ಲ, ಆವತ್ತು ಊರ ಯಜಮಾನ್ರು ಬಂದು ಗಂಟಲು ಮುಟ್ಟಿ ನೋಡಿ, "ಇಳಿದಿದೆ" ಅಂತ ಒಂದು ಮರಿ ಕೊಡ್ತಾರೆ. ನಮ್ಮಣ್ಣನಿಗೆ ಅಪ್ಪ ಹೋದ ದಿನವೇ ಕೊಟ್ರು, ಅವನು ಅಳಲಿಲ್ಲ ಅಂತ. ನನ್ನ ಜೊತೆಯೋರೆಲ್ಲ ಮರಿ ತಗೊಂಡು, ಮದುವೆ ಆಗಿ, ಕಂಕುಳಲ್ಲಿ ಕೂಸು ಇಟ್ಕೊಂಡು ಓಡಾಡ್ತಿದಾರೆ. ನಾನು ಮಾತ್ರ ಒಂದೂ ನುಂಗಲಿಲ್ಲ. ಯಜಮಾನ್ರ ಮನೆ ಊಟದಲ್ಲಿ ಎಲ್ಲರೂ ಸುಮ್ಮನೆ ಮಜ್ಜಿಗೆ ಕುಡೀತಿದ್ರೆ ನಾನು, "ಅಯ್ಯೋ, ಇದು ಹುಳಿ ಬಂದು ನಾರ್ತಿದೆ" ಅಂದುಬಿಟ್ಟೆ. ಅವ್ವ ತಲೆ ಮೇಲೆ ಸೆರಗು ಎಳ್ಕೊಂಡಳು. ಅವತ್ತಿಂದ ನನ್ನ ಮಾತಿಗೆ ಊರಲ್ಲಿ ಹೊಟ್ಟುಮಾತು ಅಂತಾರೆ, ಕಾಳಿಲ್ಲದ್ದು, ತೂರಿದ್ರೆ ಹಾರಿಹೋಗೋದು. ಅಣ್ಣ ಒಬ್ಬನೇ ನಗ್ತಾ, "ಗಿಲಕಿ ಕಣೇ ನೀನು, ಅಲ್ಲಾಡಿಸಿದ್ರೆ ಸದ್ದು, ಅಲ್ಲಾಡಿಸದಿದ್ರೂ ಸದ್ದು" ಅಂತಿದ್ದ. ಆದ್ರೆ ಕೇಳ್ತಿದ್ದ. ಊರಲ್ಲಿ ನನ್ನ ಮಾತು ಪೂರ್ತಿ ಕೇಳ್ತಿದ್ದೋನು ಅವನೊಬ್ಬನೇ.

ಈಗ ಬಾವಿ.

ನಮ್ಮೂರಿಗೆ ಒಂದೇ ಬಾವಿ. ಕುರಿಗೆ ನೀರು ಬೇಡ, ಮನುಷ್ಯರಿಗೆ ಬೇಕಲ್ಲ. ಸುತ್ತ ಕಲ್ಲು ಕಟ್ಟಿದ ಆಳದ ಬಾವಿ. ಬೇಸಿಗೆ ತುದೀಲಿ ಒಬ್ಬ ಗಂಡಸು ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳಿದು ಹೂಳು ತೆಗೀಬೇಕು. ಈ ಸಲ ಇಳಿಯೋನು ನಮ್ಮಣ್ಣ.

ಅದೇ ಬೇಸಿಗೇಲಿ ಬಾಲಗಳು ಬೆಳೆಯೋಕೆ ಶುರುವಾದ್ವು. ಒಂದು ಮನೇದಲ್ಲ, ಎಲ್ಲ ಮನೇದೂ! ನಿನ್ನೆ ಸೋರೆಕಾಯಿ ಹಾಗಿದ್ದ ಬಾಲ ಇವತ್ತು ಗುಡಾಣದ ಹಾಗೆ. ಬೀದಿ ತುಂಬಾ ಕಿರ್ ಕಿರ್ ಕಿರ್ ಕಿರ್. ಗಾಡಿ ಮಾಡೋನಿಗೆ ಊಟಕ್ಕೆ ಪುರುಸೊತ್ತಿಲ್ಲ. ಅವನಂತೂ ಉಳಿ ಹಿಡ್ಕೊಂಡು ಕುಣೀತಿದ್ದ.

"ಎಂಥ ವರ್ಷ ತಾಯೀ ಇದು! ನಮ್ಮಜ್ಜ ಇಂಥ ವರ್ಷ ಕಂಡಿರಲಿಲ್ಲ!"

"ಅದೇ ಯಾಕೆ ಮಾವ? ಎಲ್ಲರದ್ದೂ ಒಂದೇ ಸಲ ಯಾಕೆ?"

"ಯಾಕೆ ಅಂದ್ರೆ? ಸುಭಿಕ್ಷ ಕಣೇ, ಸುಭಿಕ್ಷ! ಸರಿ, ಆ ಗಾಲಿ ಈಕಡೆ ಕೊಡು, ಬಾಯಿ ಆಡ್ಸಿದಷ್ಟು ಕೈ ಆಡ್ಸಿದ್ರೆ ನಿನಗೂ ಒಂದು ಮರಿ ಸಿಗ್ತಿತ್ತು."

ಯಾಕೆ ಅಂತ ಯಾರೂ ಕೇಳಲಿಲ್ಲ. ಬಾಲ ಬೆಳೆದ್ರೆ ಯಾಕೆ ಅಂತ ಕೇಳೋದು ನಮ್ಮೂರಲ್ಲಿ ಇಲ್ಲ. ನನಗೆ ತಡೆಯೋಕಾಗಲಿಲ್ಲ. ಕುರಿಗೆ ಹೇಳೋದನ್ನ ಕದ್ದು ಕೇಳೋ ಹಾಗಿಲ್ಲ, ಗೊತ್ತು, ಆದ್ರೂ ಹೋಗಿ ರೊಪ್ಪದ ಮುಳ್ಳುಬೇಲಿ ಹಿಂದೆ ಕೂತೆ. ನಡು ಮಧ್ಯಾಹ್ನ. ಹಗ್ಗ ಹೊಸೆಯೋಳು ಬಂದಳು. ಮಂಡಿ ಊರಿದಳು. ಎಡಗಿವಿ ಎತ್ತಿದಳು.

"ಬಾವಿ ಗೋಡೆ ಹೊಟ್ಟೆ ಬಿಟ್ಟಿದೆ" ಅಂದಳು. "ನೀರು ಸೇದುವಾಗ ಕೊಡ ಗೋಡೆಗೆ ತಾಗ್ತಿದೆ, ಮೊದಲು ತಾಗ್ತಿರಲಿಲ್ಲ. ನನಗೆ ಭಯ ಆಗ್ತಿದೆ." ಕಿವಿ ಮಡಚಿದಳು. ಒತ್ತಿದಳು. ಬೆನ್ನು ಸವರಿ ಬಾಲ ಮುಟ್ಟಿ, "ಹಗುರಾಯ್ತು" ಅಂದು ಹಾಡು ಗುನುಗ್ತಾ ಹೋದಳು.

ಅವಳ ಹಿಂದೇನೇ ಕಲ್ಲು ಕಟ್ಟೋನು ಬಂದ. ಮಂಡಿ ಊರಿದ. ಎಡಗಿವಿ ಎತ್ತಿದ. "ತಳದ ಕಲ್ಲು ಜಾರಿದೆ. ಇಳಿದವನು ಹೂಳಿಗೆ ಕೈ ಹಾಕಿದ ಅಂದ್ರೆ ಗೋಡೆ ಕೂತ್ಕೊಳ್ಳುತ್ತೆ." ಮಡಚಿದ, ಒತ್ತಿದ. "ಹಗುರಾಯ್ತು."

ಆಮೇಲೆ ಇನ್ನೊಬ್ಬರು. ಆಮೇಲೆ ಮತ್ತೊಬ್ಬರು. ಎಲ್ಲರದ್ದೂ ಬಾವಿ, ಎಲ್ಲರದ್ದೂ ಗೋಡೆ, ಎಲ್ಲರದ್ದೂ ಅದೇ ಹೊಟ್ಟೆ ಬಿಟ್ಟ ಗೋಡೆ. ಊರಿಗೆ ಊರೇ ನೋಡಿತ್ತು, ಊರಿಗೆ ಊರೇ ಹೇಳಿತ್ತು, ಒಬ್ಬರು ಇನ್ನೊಬ್ಬರಿಗೆ ಮಾತ್ರ ಹೇಳಿರಲಿಲ್ಲ!

ನಾನು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ನೋಡಲಿಲ್ಲ. ಯಜಮಾನ್ರು ಮನೆ ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಹಚ್ತಿದ್ರು.

"ಯಜಮಾನ್ರೇ, ಬಾವಿ ಗೋಡೆ ಬೀಳುತ್ತೆ, ಅಣ್ಣನ್ನ ಇಳಿಸಬೇಡಿ!"

"ಯಾರು ಹೇಳಿದ್ದು?"

"ಎಲ್ಲರೂ!"

"ಎಲ್ಲರೂ ಅಂದ್ರೆ ಯಾರು? ನನಗೆ ಒಬ್ಬರೂ ಹೇಳಲಿಲ್ಲವಲ್ಲ."

"ಕುರಿಗೆ ಹೇಳಿದ್ರು, ನಾನು ಕೇಳಿದೆ."

ಯಜಮಾನ್ರು ಎಲೆ ಮಡಚಿ ದವಡೆಗೆ ಇಟ್ಕೊಂಡ್ರು. ಸಿಟ್ಟು ಮಾಡಲಿಲ್ಲ, ಪಾಪದ ಕೂಸನ್ನ ನೋಡೋ ಹಾಗೆ ನೋಡಿದ್ರು. "ನೋಡವ್ವಾ, ಕುರಿಗೆ ಹೇಳಿದ್ದು ಕುರಿ ಹತ್ರ ಹೋಯ್ತು. ಅದನ್ನ ನೀನು ತರೋ ಹಾಗಿಲ್ಲ, ನಾನು ತಗೊಳ್ಳೋ ಹಾಗಿಲ್ಲ. ನಿನ್ನದೇ ಮಾತು ಅಂತೀಯಾ? ಕುರಿ ಇಲ್ಲದವಳ ಮಾತು ನಡೆಯಲ್ಲ. ಹೋಗು, ಕುರಿ ಇರೋರು ಯಾರಾದ್ರೂ ಒಬ್ಬರನ್ನ ಕರ್ಕೊಂಡು ಬಾ. ಒಬ್ಬರೇ ಒಬ್ಬರು ನನ್ನ ಮುಂದೆ ನಿಂತು ಹೇಳಲಿ, ಬಾವಿಗೆ ಯಾರೂ ಇಳಿಯಲ್ಲ."

ಒಬ್ಬರೇ ಒಬ್ಬರು! ಅಷ್ಟೇನಾ ಅಂತ ಖುಷಿ ಆಗಿಬಿಡ್ತು ನನಗೆ. ತಿರುಗಿ ಓಡುವಾಗ ಯಜಮಾನ್ರ ಕುರಿ ಕಂಡಿತು, ಕಟ್ಟೆ ಹಿಂದೆ ನೆರಳಲ್ಲಿ. ಅದರ ಬಾಲಕ್ಕೆ ಹೊಚ್ಚ ಹೊಸ ಗಾಡಿ. ನಾನು ನೋಡಿದ್ದು ನೋಡಿ ಯಜಮಾನ್ರು ಎದ್ದು ಬಂದು ಬಾಲದ ಮೇಲೆ ಪಂಚೆ ಹೊದಿಸಿದ್ರು.

ಕಲ್ಲು ಕಟ್ಟೋನ ಹತ್ರ ಹೋದೆ. ಅವನು ನೆರಳಲ್ಲಿ ಕಾಲು ಚಾಚಿ ಕೂತಿದ್ದ.

"ಕಾಕಾ, ತಳದ ಕಲ್ಲು ಜಾರಿದೆಯಂತಲ್ಲ?"

"ಹೂಂ, ಜಾರಿದೆ."

"ಬನ್ನಿ, ಯಜಮಾನ್ರಿಗೆ ಹೇಳಿ!"

"ಹೇಳಿದ್ದೀನಲ್ಲ."

"ಕುರಿಗೆ ಹೇಳಿದ್ದೀರಿ."

"ಮತ್ತೆ? ಹೇಳಿದ ಮೇಲೆ ಹೇಳಿದ ಹಾಗೆ. ಹೇಳಿದ್ದನ್ನೇ ಎಷ್ಟು ಸಲ ಹೇಳಲಿ? ಉಂಡ ತಟ್ಟೇಲಿ ಮತ್ತೆ ಉಣ್ಣು ಅಂತೀಯಲ್ಲ." ಆಮೇಲೆ ಎದೆ ಮೇಲೆ ಕೈಯಿಟ್ಟು, ಪಾಪ, ನಿಜವಾಗಿ ಹುಡುಕಿ ನೋಡಿದ. "ನಿನ್ನ ಮೇಲಾಣೆ, ಇಲ್ಲಿ ಏನೂ ಇಲ್ಲ ಕಣವ್ವ. ಕಲ್ಲು ಜಾರಿದ್ದು ಗೊತ್ತು. ಆದ್ರೆ ಭಾರ ಇಲ್ಲ. ಭಾರ ಇಲ್ಲದೆ ಕಾಲು ಎತ್ತೋದು ಹೇಗೆ?"

ಹಗ್ಗ ಹೊಸೆಯೋಳ ಹತ್ರ ಹೋದೆ. ಅವಳು ಅಣ್ಣನ ಸೊಂಟಕ್ಕೆ ಅಂತಲೇ ಹೊಸ ಹಗ್ಗ ಹೊಸೀತಿದ್ದಳು. "ಗಟ್ಟಿ ಹೊಸೆದಿದ್ದೀನಿ, ಗೋಡೆ ಬಿದ್ರೂ ಹಗ್ಗ ಹರಿಯಲ್ಲ" ಅಂದಳು! ಹೀಗೆ ಅಂದಳು, ನಗ್ತಾ! ಗಾಡಿ ಮಾಡೋನ ಹತ್ರ ಹೋದೆ, ಬಾಗಿಲು ಬಾಗಿಲಿಗೂ ಹೋದೆ, ಹೇಳಿದ್ದೀನಲ್ಲ, ಹೇಳಿದ್ದೀನಲ್ಲ, ಹೇಳಿದ್ದೀನಲ್ಲ. ಒಳ್ಳೆಯವರು ಎಲ್ಲರೂ. ಒಬ್ಬಳು ಬೆಲ್ಲ ಕೊಟ್ಟಳು.

ಕೊನೆಗೆ ಅವ್ವ. ಮೊದಲೇ ಹೋಗಬೇಕಿತ್ತು, ಹೋಗಲಿಲ್ಲ, ಯಾಕೆ ಅಂದ್ರೆ ಅವ್ವಂಗೆ ಗೊತ್ತಿರಲ್ಲ ಅನ್ಕೊಂಡಿದ್ದೆ, ಗೊತ್ತಿದ್ರೆ ಸುಮ್ಮನೆ ಕೂರ್ತಾಳಾ ಅನ್ಕೊಂಡಿದ್ದೆ. ಅವ್ವ ಬೀಸ್ತಾ ಕೂತಿದ್ದಳು.

"ಅವ್ವಾ, ಗೋಡೆ ಬೀಳುತ್ತಂತೆ, ಅಣ್ಣ ಇಳಿದ್ರೆ ಬೀಳುತ್ತಂತೆ!"

ಬೀಸೋ ಕಲ್ಲು ನಿಲ್ಲಲಿಲ್ಲ. "ಹೇಳಿದ್ದೀನಲ್ಲೇ" ಅಂದಳು.

"ಯಾರಿಗೆ?"

ಅವ್ವ ಗದ್ದ ಎತ್ತಿ ಬಾಗಿಲಾಚೆ ತೋರಿಸಿದಳು. ಅವಳ ಮುದಿ ಕುರಿ ನಿಂತಿತ್ತು, ಬಾಲಕ್ಕೆ ಒಂದಲ್ಲ, ಜೋಡು ಗಾಡಿ ಕಟ್ಟಿದ್ರು. "ಮೂರು ಹೊತ್ತೂ ಹೇಳಿದ್ದೀನಿ. ಅತ್ತು ಹೇಳಿದ್ದೀನಿ. ಹೆತ್ತವಳಲ್ವೇನೇ ನಾನು? ಎಲ್ಲರಿಗಿಂತ ದಪ್ಪ ಬಾಲ ನನ್ನದು, ಬೇಕಿದ್ರೆ ಹಿಸುಕಿ ನೋಡು."

ಅವ್ವನ ಮುಖ ನೋಡಿದೆ. ತೊಳೆದಿಟ್ಟ ತಟ್ಟೆ.

ಬೆಳಿಗ್ಗೆ ಬಾವಿ ಹತ್ರ ಊರೆಲ್ಲ ಸೇರ್ತು. ಗಾಡಿ ಎಳೆಯೋ ಕುರಿಗಳೂ ಬಂದ್ವು. ಅಣ್ಣ ಸೊಂಟಕ್ಕೆ ಹಗ್ಗ ಬಿಗೀತಿದ್ದ. ನಾನು ಹೋಗಿ ಹಗ್ಗ ಹಿಡ್ಕೊಂಡೆ.

"ಅಣ್ಣಾ, ಇಳೀಬೇಡ."

"ಶುರುವಾಯ್ತಲ್ಲಪ್ಪ ಗಿಲಕಿ."

"ಗೋಡೆ ಬೀಳುತ್ತೆ ಅಣ್ಣಾ. ಎಲ್ಲರಿಗೂ ಗೊತ್ತು. ಯಾರೂ ಹೇಳ್ತಿಲ್ಲ."

"ನನಗೂ ಗೊತ್ತು ಕಣೇ" ಅಂದ.

ನನಗೆ ಮಾತೇ ಹೊರಡಲಿಲ್ಲ. ನನಗೆ! ಮಾತು ಹೊರಡಲಿಲ್ಲ!

"ಗೋಡೆ ನನಗೂ ಕಾಣಲ್ವಾ? ಕಣ್ಣಿಲ್ವಾ ನನಗೆ? ಊಟ ಸೇರ್ತಿರಲಿಲ್ಲ, ಕೈ ನಡುಗ್ತಿತ್ತು. ಹೋಗಿ ಹೇಳ್ಕೊಂಡೆ. ಈಗ ನೋಡು." ಕೈ ಚಾಚಿ ತೋರಿಸಿದ. ನಡುಗ್ತಿರಲಿಲ್ಲ. ಕಟ್ಟೆಯಾಚೆ ಅವನ ಕುರಿ ನಿಂತಿತ್ತು, ಗಾಡಿ ಮೇಲೆ ಬಾಲ, ಬಾಲದ ಮೇಲೆ ನೊಣ. "ನನ್ನ ಭಯ ಅಗೋ ಅಲ್ಲಿ ಕೂತಿದೆ, ಗಾಡಿ ಮೇಲೆ, ರಾಜನ ಹಾಗೆ."

"ಹಾಗಾದ್ರೆ ಯಜಮಾನ್ರಿಗೆ ಹೇಳು ಅಣ್ಣಾ. ಇಲ್ಲೇ ಇದಾರೆ. ನಿನಗೆ ಕುರಿ ಇದೆ, ನಿನ್ನ ಮಾತು ನಡೆಯುತ್ತೆ. ಒಂದೇ ಮಾತು."

ಅಣ್ಣ ಯಜಮಾನ್ರ ಕಡೆ ನೋಡಿದ. ಯಜಮಾನ್ರು ಅಣ್ಣನ ಕಡೆ ನೋಡಿದ್ರು. ಅಣ್ಣ ಬಾಯಿ ತೆಗೆದ, ನಿಜ, ನಾನು ನೋಡಿದೆ, ತೆಗೆದ. ಎದೇಲಿ ಹುಡುಕಿದ, ಕಲ್ಲು ಕಟ್ಟೋನು ಹುಡುಕಿದ ಹಾಗೇ. ಸಿಗಲಿಲ್ಲ. ಬಾಯಿ ಮುಚ್ಕೊಂಡು, ನನ್ನ ಜಡೆ ಎಳೆದು, "ಹಗ್ಗ ಬಿಡೇ, ಹೊತ್ತಾಯ್ತು" ಅಂದ.

ನಾನು ಬಿಡಲಿಲ್ಲ. ಹಲ್ಲಲ್ಲಿ ಕಚ್ಚಿ ಹಿಡ್ಕೊಂಡೆ. ಹೆಂಗಸರು ಬಂದು ಬಿಡಿಸಿದ್ರು, "ಅಯ್ಯೋ ಪಾಪ, ಕುರಿ ಇದ್ದಿದ್ರೆ ಇಷ್ಟು ಸಂಕಟ ಪಡ್ತಿರಲಿಲ್ಲ" ಅಂತ ತಲೆ ಸವರಿದ್ರು. ರಾಟೆ ತಿರುಗಿತು. ಅಣ್ಣನ ಸೊಂಟ ಇಳೀತು, ಎದೆ ಇಳೀತು, ತಲೆ ಇಳೀತು. ಒಳಗಿಂದ ಏನೋ ಕೂಗಿ ತಮಾಷೆ ಮಾಡಿದ, ಮೇಲಿದ್ದೋರು ನಕ್ಕರು. ಒಂದು ಬುಟ್ಟಿ ಹೂಳು ಮೇಲೆ ಬಂತು. ಇನ್ನೊಂದು ಬುಟ್ಟಿ ಅರ್ಧಕ್ಕೆ ಬಂತು.

ಆಮೇಲೆ ಗೋಡೆ ಕೂತ್ಕೊಳ್ತು. ಬೀಳಲಿಲ್ಲ, ಕೂತ್ಕೊಳ್ತು, ಸುಸ್ತಾದವರು ಕೂರೋ ಹಾಗೆ. ದೂಳು ಮೇಲೆ ಬಂತು. ಹಗ್ಗ ಬಿಗಿಯಾಯ್ತು, ಎಳೆದ್ರು, ಎಳೆದ್ರು, ಅದು ಬರಲಿಲ್ಲ. ಹರಿಯಲೂ ಇಲ್ಲ. ಗಟ್ಟಿ ಹಗ್ಗ.

ಸತ್ತವರ ಕುರಿಯನ್ನ ಊರು ತಿನ್ನಬೇಕು, ಅದು ನಮ್ಮ ಪದ್ಧತಿ. ಅಣ್ಣ ಕಲ್ಲಿನ ಕೆಳಗೇ ಇದ್ದ. ಅವನ ತಲೆ ಮೇಲೆ, ಅದೇ ಕಟ್ಟೆ ಮೇಲೆ, ಒಲೆ ಹೂಡಿದ್ರು. ಅವನ ಬಾಲದ ನೆಣ ಹಂಡೆ ತುಂಬಿ ಇನ್ನೊಂದು ಹಂಡೆ ಬೇಕಾಯ್ತು. ಎಂಥ ನೆಣ, ಎಂಥ ಬಿಳುಪು ಅಂತ ಎಲ್ಲರೂ ಬಗ್ಗಿ ಬಗ್ಗಿ ನೋಡಿದ್ರು. ಅವ್ವಂಗೆ ಮೊದಲ ತುತ್ತು.

ನಾನು ಎದ್ದು ನಿಂತೆ. ಎಲ್ಲ ಹೇಳಿದೆ. ಉಸಿರು ತಗೊಳ್ಳದೆ ಹೇಳಿದೆ. "ಕಲ್ಲು ಕಟ್ಟೋ ಕಾಕಾ, ನಿಮಗೆ ಗೊತ್ತಿತ್ತು. ಹಗ್ಗ ಹೊಸೆಯೋ ಅಕ್ಕಾ, ನಿನಗೆ ಗೊತ್ತಿತ್ತು. ಗಾಡಿ ಮಾಡೋ ಮಾವಾ, ಯಜಮಾನ್ರೇ, ಅವ್ವಾ, ಎಲ್ಲರಿಗೂ ಗೊತ್ತಿತ್ತು. ನಿಮ್ಮಲ್ಲಿ ಒಬ್ಬರು ಬಾಯಿ ಬಿಟ್ಟಿದ್ರೆ ಅಣ್ಣ ಇಲ್ಲಿ ಕೂತು ಉಣ್ತಿದ್ದ."

ಬೈತಾರೆ ಅನ್ಕೊಂಡೆ. ತಲೆ ತಗ್ಗಿಸ್ತಾರೆ ಅನ್ಕೊಂಡೆ. ಕಲ್ಲು ಕಟ್ಟೋನು ತಲೆ ಅಲ್ಲಾಡಿಸಿ, "ಹೌದವ್ವ ಹೌದು, ನಾನಂತೂ ಯುಗಾದಿಗೆ ಮುಂಚೇನೇ ಹೇಳಿದ್ದೆ" ಅಂದ.

"ನೀನು ಯುಗಾದಿಗೆ, ನಾನು ಸಂಕ್ರಾಂತಿಗೇ ಹೇಳಿದ್ದೆ" ಅಂದಳು ಹಗ್ಗ ಹೊಸೆಯೋಳು.

"ಬರೀ ಹೇಳಿದ್ರಾಯ್ತಾ? ನಾನು ಅತ್ತುಕೊಂಡು ಹೇಳಿದ್ದೆ" ಅಂದ ಗಾಡಿ ಮಾಡೋನು.

"ನನ್ನ ಬಾಲ ನೋಡು, ಆಮೇಲೆ ಮಾತಾಡು" ಅಂತ ಇನ್ಯಾರೋ.

ಜಗಳಾನೇ ಆಗ್ತಿತ್ತು. ಅವ್ವ ಕೈ ಎತ್ತಿದಳು. "ಯಾರು ಏನೇ ಹೇಳಿ, ನನ್ನ ಮಗನ ಸಲುವಾಗಿ ನನ್ನಷ್ಟು ಯಾರೂ ಹೇಳಿಲ್ಲ" ಅಂದಳು. ಅದಕ್ಕೆ ಎಲ್ಲರೂ ಒಪ್ಪಿದ್ರು. ಅವಳಿಗೆ ಇನ್ನೊಂದು ಸೌಟು ಬಡಿಸಿದ್ರು.

ಊಟ ಮುಗಿದ ಮೇಲೆ ಯಜಮಾನ್ರು ಕೈ ಒರೆಸ್ಕೊಂಡು, "ಊರಿಗೆ ನೀರು ಬೇಕಲ್ಲ" ಅಂದ್ರು. "ಬಿದ್ದ ಕಲ್ಲು ತೆಗೀಬೇಕು. ಹುಡುಗನ್ನೂ ಮೇಲೆ ತರಬೇಕು. ನಾಳೆ ಹೊಸ ಅಳಿಯ ಇಳೀಲಿ."

ಹೊಸ ಅಳಿಯ ಅಂದ್ರೆ ಹಗ್ಗ ಹೊಸೆಯೋಳ ಮಗಳನ್ನ ಮದುವೆ ಆದೋನು, ಕೈಗೆ ಕಟ್ಟಿದ ಅರಿಶಿನ ಇನ್ನೂ ಬಿಚ್ಚಿರಲಿಲ್ಲ. ಅವನು ಎದ್ದು ಬಾವಿ ಒಳಗೆ ಬಗ್ಗಿ ನೋಡಿದ. ಅರ್ಧ ಗೋಡೆ ಬಿದ್ದಿತ್ತು, ಇನ್ನರ್ಧ ಹೊಟ್ಟೆ ಬಿಟ್ಕೊಂಡು ನಿಂತಿತ್ತು. ಅವನ ಮುಖ ಬಿಳುಚಿಕೊಳ್ತು. ಏನೋ ಹೇಳೋಕೆ ಬಂದ ಹಾಗೆ ಯಜಮಾನ್ರ ಕಡೆ ತಿರುಗಿದ, ಅಷ್ಟರಲ್ಲೇ ಅವನ ಹೆಂಡತಿ ಮೆಲ್ಲಗೆ, ಪಕ್ಕದಲ್ಲಿ ನಿಂತಿದ್ದ ಅವನ ಕುರಿ ಕಡೆ ಕಣ್ಣು ಮಾಡಿದಳು. ಅವನು ಕುರಿ ಕಡೆ ನಡೆದ. ಮಂಡಿ ಊರಿದ.

ನಾನು ಹೋಗಿ ಮಧ್ಯೆ ಕೂತೆ. ಕೂದಲು ಸರಿಸಿ ನನ್ನ ಎಡಗಿವಿ ಹಿಡಿದೆ.

"ಭಾವಾ, ಇಲ್ಲಿ ಹೇಳಿ. ಕುರಿಗೆ ಬೇಡ, ನನಗೆ ಹೇಳಿ. ಇಲ್ಲ, ಗಟ್ಟಿಯಾಗಿ ಅವರಿಗೇ ಹೇಳಿ. ನಿಮ್ಮ ಎದೇಲಿ ಇನ್ನೂ ಇದೆ, ಇನ್ನೂ ಹೋಗಿಲ್ಲ, ಈಗಲೇ ಹೇಳಿ!"

ಅವನು ನನ್ನ ಕಿವಿ ನೋಡಿದ. ಬಾಯಿ ಹತ್ರ ತಂದ, ಇಷ್ಟು ಹತ್ರ, ಬಿಸಿ ಉಸಿರು ತಾಗ್ತು. ಆಮೇಲೆ ಏನೋ ನೆನಪಾದವನ ಹಾಗೆ ಬಗ್ಗಿ ನನ್ನ ಬೆನ್ನ ಹಿಂದೆ ನೋಡಿ, ತುಂಬಾ ಮರ್ಯಾದೆಯಿಂದ ಕೇಳಿದ.

"ನಿನಗೆ ಬಾಲ ಎಲ್ಲಿದೆ ತಂಗೀ?"

ಊರೆಲ್ಲ ನಕ್ಕಿತು. ಅವ್ವನೂ ನಕ್ಕಳು, ತುಟಿ ಮೇಲೆ ನೆಣ ಹೊಳೀತಿತ್ತು. ಅವನು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಕುರಿಯ ಕಿವಿ ಎತ್ತಿದ.

ಅಷ್ಟೊತ್ತಿಗೆ ನಿಂತಿದ್ದ ಗೋಡೆಯಿಂದ ಒಂದು ಚಿಕ್ಕ ಕಲ್ಲು ಕಳಚಿ ಕೆಳಗೆ ಬಿತ್ತು. ನಗು ನಿಂತಿತು. ಎಲ್ಲರಿಗೂ ಕೇಳಿಸಿತ್ತು. ಎಲ್ಲರೂ ಎದ್ದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಅವರವರ ಕುರಿ ಹುಡುಕ್ಕೊಂಡು ಹೋದ್ರು.